ಕೆಟ್ಟ ಪೆಟ್ರೋಲನ್ನು ನಾನು ಸಾಗಹಾಕುವ ಬಗೆ

ಮೂರು ವರ್ಷ ಮೂಲೆಯಲ್ಲಿ ನಿಂತಿದ್ದ ಜನರೇಟರೊಂದು ಕಳೆದ ವರ್ಷ ನನ್ನ ಶೆಡ್ಡಿಗೆ ದುರಸ್ತಿಗೆ ಬಂತು. ಟ್ಯಾಂಕಿನ ಮುಚ್ಚಳ ತಿರುಗಿಸಿದ ಕೂಡಲೇ ಮೂಗಿಗೆ ಬಡಿದದ್ದು ಪೆಟ್ರೋಲಿನ ಪರಿಚಿತ ವಾಸನೆಯಲ್ಲ, ಹಳೆಯ ವಾರ್ನಿಷ್ ಡಬ್ಬಿ ತೆರೆದಾಗ ಬರುವಂಥ ಕಮಟು ವಾಸನೆ. ಒಳಗೆ ಸುಮಾರು 12 ಲೀಟರ್ ಇತ್ತು. ಮಾಲೀಕರು ಜೊತೆಯಲ್ಲೊಂದು ಕ್ಯಾನನ್ನೂ ತಂದಿದ್ದರು, ಅದರಲ್ಲಿ ಇನ್ನೂ 5 ಲೀಟರ್. “ಎಂಜಿನ್ ಓಡುವ ಹಾಗೆ ಮಾಡಿಕೊಡಿ, ಪೆಟ್ರೋಲನ್ನು ಎಲ್ಲಾದರೂ ಚೆಲ್ಲಿಬಿಡಿ” ಎಂದು ಹೇಳಿ ಹೊರಟರು.

ಎಂಜಿನ್ ಓಡಿಸಲು ಅರ್ಧ ದಿನ ಸಾಕಾಯಿತು. ಟ್ಯಾಂಕಿನ ಪೆಟ್ರೋಲಿಗೆ ಒಂದು ಗತಿ ಕಾಣಿಸಲು ಹತ್ತು ದಿನ ಬೇಕಾಯಿತು. ಅಷ್ಟು ದಿನ ಹಿಡಿದದ್ದರಲ್ಲಿ ತಪ್ಪೇನೂ ಇಲ್ಲ ಎಂದು ನಾನು ನಂಬಿದ್ದೇನೆ. ಸಣ್ಣ ಎಂಜಿನ್‌ಗಳ ದುರಸ್ತಿ ಮಾಡುವವರೆಲ್ಲರ ಬಳಿಯೂ ಇಂಥ ಪೆಟ್ರೋಲ್ ಬಂದು ಸೇರುತ್ತದೆ, ಮನೆಗಳಲ್ಲೂ ಒಂದೆರಡು ಲೀಟರ್ ಎಲ್ಲೋ ಉಳಿದಿರುತ್ತದೆ. ಆದ್ದರಿಂದ ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ಪೆಟ್ರೋಲ್ ಎಂಬುದು ಒಂದೇ ದ್ರವವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ನಿಂತಲ್ಲೇ ನಿಂತರೆ ಅದರಲ್ಲಿನ ಹಗುರ ಅಂಶಗಳು ಮೊದಲು ಆರಿಹೋಗುತ್ತವೆ. ತಣ್ಣನೆಯ ಎಂಜಿನ್ ಹೊತ್ತಿಕೊಳ್ಳಲು ಬೇಕಾಗುವುದು ಅವೇ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಅಂಟಾಗುತ್ತದೆ. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್‌ನ ಜೆಟ್‌ನ ಸಣ್ಣ ರಂಧ್ರವನ್ನು ಕಟ್ಟುವ ಕಂದು ಪದರ ಅದರದೇ. ಇಷ್ಟಾದ ಮೇಲೆ ಎಂಜಿನ್ ಅದನ್ನು ಒಪ್ಪುವುದಿಲ್ಲ. ಇಲ್ಲಿಯೇ ಜನ ಎಡವುತ್ತಾರೆ. ಎಂಜಿನ್‌ಗೆ ಬೇಡವಾದ ಪೆಟ್ರೋಲಿನಲ್ಲಿ ಇನ್ನು ಕಸುವಿಲ್ಲ ಎಂದು ತಿಳಿದು ಅದನ್ನು ಕೊಳೆ ನೀರಿನಂತೆ ಕಾಣುತ್ತಾರೆ. ತಾಜಾ ಪೆಟ್ರೋಲಿನ ಆವಿ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹಳತಾದಂತೆ ಆ ಅಂಕಿ ಸ್ವಲ್ಪ ಮೇಲೇರಬಹುದು, ಆದರೆ ನಾವು ಓಡಾಡುವ ಯಾವ ಹವೆಯಲ್ಲೂ ಅದು ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ. ಎಂಜಿನ್‌ನ ಪಾಲಿಗೆ ಸತ್ತ ಪೆಟ್ರೋಲ್ ಬೆಂಕಿಯ ಪಾಲಿಗೆ ಸತ್ತಿರುವುದಿಲ್ಲ.

ನನ್ನ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗ ಅಂದು ಕೇಳಿದ: “ಅಣ್ಣಾ, ಹಿಂದೆ ಗುಂಡಿ ತೋಡಿ ಸುಟ್ಟುಬಿಟ್ಟರೆ ಆಗುವುದಿಲ್ಲವೇ?” ಅವನನ್ನು ಕೂರಿಸಿಕೊಂಡು ವಿವರವಾಗಿ ಹೇಳಿದೆ. ಉರಿಯುವುದು ದ್ರವವಲ್ಲ, ಅದರ ಮೇಲೆ ಏಳುವ ಆವಿ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೇರಿ ಚದುರುವ ಬದಲು ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಗುಂಡಿಗೆ ಪೆಟ್ರೋಲ್ ಸುರಿದು ಕಡ್ಡಿ ಗೀರುವವನು ಗುಂಡಿಯಿಂದ ದೂರ ನಿಂತಿದ್ದೇನೆ ಎಂದುಕೊಂಡಿರುತ್ತಾನೆ. ಆದರೆ ಆವಿ ಅಷ್ಟರಲ್ಲಿ ಅವನ ಕಾಲಿನ ಸುತ್ತ ಹರಡಿರುತ್ತದೆ. ಬೆಂಕಿ ಗುಂಡಿಯಲ್ಲಿ ಹತ್ತುವುದಿಲ್ಲ, ಕೈಯಲ್ಲೇ ಹತ್ತುತ್ತದೆ.

ಇನ್ನು ಮಣ್ಣಿಗೆ ಸುರಿಯುವುದು. ನಾನು ಕೆಲಸ ಕಲಿತ ಜಾಗದಲ್ಲಿ ಶೆಡ್ಡಿನ ಹಿಂದಿನ ಒಂದು ಮೂಲೆ ಇದಕ್ಕೆಂದೇ ಮೀಸಲಾಗಿತ್ತು. ನಾನೂ ಅಲ್ಲಿ ಸುರಿದಿದ್ದೇನೆ. ಅಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ. ಮಳೆ ಬಿದ್ದಾಗ ಮಣ್ಣಿನಿಂದ ಪೆಟ್ರೋಲ್ ವಾಸನೆ ಏಳುತ್ತಿತ್ತು, ನಾವು ಕೊನೆಯ ಬಾರಿ ಸುರಿದು ಎಷ್ಟೋ ದಿನಗಳಾಗಿದ್ದರೂ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಅದು ಕ್ಯಾನ್ಸರ್ ತರುವ ವಸ್ತು, ನೀರಿನಲ್ಲಿ ಸ್ವಲ್ಪಮಟ್ಟಿಗೆ ಕರಗುತ್ತದೆ, ಮಣ್ಣಿನ ಮೂಲಕ ಅಂತರ್ಜಲ ಸೇರುತ್ತದೆ. ಆ ಮೂಲೆಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಚರಂಡಿಗೆ ಸುರಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಮೆಕ್ಸಿಕೋದ ಗ್ವಾಡಲಹಾರಾ ನಗರದ ಕಥೆ ಹೇಳುತ್ತೇನೆ. 1992ರ ಏಪ್ರಿಲ್ 22ರಂದು ಅಲ್ಲಿನ ಒಳಚರಂಡಿ ಒಂದಾದ ಮೇಲೊಂದರಂತೆ ಸ್ಫೋಟಿಸಿ ಕಿಲೋಮೀಟರ್‌ಗಟ್ಟಲೆ ರಸ್ತೆ ಬಾಯ್ದೆರೆಯಿತು. 200ಕ್ಕೂ ಹೆಚ್ಚು ಜನ ಸತ್ತರು. ತುಕ್ಕು ತಿಂದ ಕೊಳವೆಯಿಂದ ಸೋರಿದ ಪೆಟ್ರೋಲ್ ಚರಂಡಿ ಸೇರಿತ್ತು. ನಾವು ಸುರಿಯುವುದು ಕೆಲವೇ ಲೀಟರ್ ಇರಬಹುದು, ಆದರೆ ಮುಚ್ಚಿದ ಚರಂಡಿಯಲ್ಲಿ ಆವಿ ವರ್ತಿಸುವ ರೀತಿ ಅದೇ.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ. ಬೆಳಗ್ಗೆ ಬೇಗ, ಬಿಸಿಲೇರುವ ಮುನ್ನ, ಜನರೇಟರನ್ನು ಬಯಲಿಗೆ ತಳ್ಳಿಕೊಂಡು ಹೋದೆ. ಶೆಡ್ಡಿನೊಳಗೆ ಈ ಕೆಲಸ ಎಂದಿಗೂ ಮಾಡುವುದಿಲ್ಲ. ವಿದ್ಯುತ್ ಸ್ವಿಚ್, ಫ್ರಿಜ್‌, ಗ್ಯಾಸ್ ಗೀಸರ್‌ನ ಸಣ್ಣ ಜ್ವಾಲೆ, ಇವುಗಳಲ್ಲಿ ಯಾವುದಾದರೂ ಕಿಡಿ ಕೊಡಬಹುದು. ಪಕ್ಕದಲ್ಲಿ ಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರ್ ಮತ್ತು ಒಂದು ಬಕೆಟ್ ಒಣ ಮರಳು ಇಟ್ಟುಕೊಂಡೆ. ನೀರು ಇಡಲಿಲ್ಲ. ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ಹರಡುತ್ತದೆ. ಕೈಗೆ ನೈಟ್ರೈಲ್ ಕೈಗವಸು, ಮೈಗೆ ಹತ್ತಿಯ ಬಟ್ಟೆ.

ಕೊಳವೆಗೆ ಬಾಯಿ ಹಾಕಿ ಎಳೆಯುವ ಪದ್ಧತಿಯನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಅಲ್ಲಿ ಉರಿಯೂತ ಹತ್ತಿ ಪ್ರಾಣಕ್ಕೇ ಸಂಚಕಾರ ಬರಬಹುದು. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಲೂ ಬಾರದು, ಹೊರಬರುವಾಗ ಅದು ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಕೈಯಲ್ಲಿ ಒತ್ತುವ ಸೈಫನ್ ಪಂಪ್ ಒಂದಿದ್ದರೆ ಈ ಗಂಡಾಂತರವೇ ಇಲ್ಲ.

ಪೂರ್ತಿ ಬಸಿಯುವ ಮೊದಲು ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ಪೆಟ್ರೋಲನ್ನು ಗಾಜಿನ ಜಾಡಿಗೆ ತೆಗೆದೆ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಈ ಜಾಡಿಯ ಮುಂದೆ. ಗಾಜು ನೋಡಲಿಕ್ಕೆ ಮಾತ್ರ, ಸಂಗ್ರಹಕ್ಕಲ್ಲ. ಜಾಡಿಯನ್ನು ಮಟ್ಟವಾದ ನೆಲದ ಮೇಲಿಟ್ಟು ಹತ್ತು ನಿಮಿಷ ಅಲುಗಾಡಿಸದೆ ಬಿಟ್ಟು, ಹಿಂದೆ ಒಂದು ಬಿಳಿ ಕಾಗದ ಹಿಡಿದು ನೋಡಿದೆ. ಮೇಲಿನ ಭಾಗ ಕಡುಗೆಂಪು ಚಹಾದ ಬಣ್ಣ. ಅದರ ಕೆಳಗೆ, ಕೂದಲೆಳೆಯಷ್ಟು ಸ್ಪಷ್ಟವಾದ ಒಂದು ಗೆರೆ. ಗೆರೆಯ ಕೆಳಗೆ ಎರಡು ಬೆರಳಷ್ಟು ಮಬ್ಬು ದ್ರವ, ತಳದಲ್ಲಿ ತುಕ್ಕಿನ ಕಣಗಳು. ಜಾಡಿಯನ್ನು ಮೆಲ್ಲಗೆ ವಾಲಿಸಿದರೆ ಆ ಗೆರೆಯೂ ಒಟ್ಟಾಗಿ ವಾಲುತ್ತಿತ್ತು. ಹುಡುಗ ಮೊಣಕಾಲೂರಿ ಕುಳಿತು ಬಹಳ ಹೊತ್ತು ಅದನ್ನೇ ನೋಡಿದ.

“ಕೆಳಗಿರುವುದು ನೀರಲ್ಲವೇ, ಅದನ್ನಷ್ಟೇ ಚೆಲ್ಲಬಹುದಲ್ಲ?” ಎಂದ. ನೀರು ಮಾತ್ರ ಆಗಿದ್ದರೆ ಆ ಪ್ರಶ್ನೆ ಬೇರೆ. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದು ಸಾಮಾನ್ಯ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಶೇ 10ರಷ್ಟು ಎಥನಾಲ್ ಇರುವ ಪೆಟ್ರೋಲ್ ಸುಮಾರು ಶೇ 0.5ರಷ್ಟು ನೀರನ್ನು ಒಡಲಲ್ಲಿಟ್ಟುಕೊಳ್ಳಬಲ್ಲದು, ಅಂದರೆ 10 ಲೀಟರಿಗೆ 50 ಮಿಲಿಲೀಟರ್. ಅದನ್ನು ಮೀರಿದರೆ ನೀರು ಎಥನಾಲನ್ನೂ ಜೊತೆಗೆ ಸೆಳೆದುಕೊಂಡು ತಳಕ್ಕಿಳಿಯುತ್ತದೆ. ಆ ತಳದ ಪದರದಲ್ಲಿ ಎಥನಾಲ್ ಇದೆ, ಸ್ವಲ್ಪ ಪೆಟ್ರೋಲೂ ಇದೆ, ಅದೂ ಉರಿಯುತ್ತದೆ. ಕುಲುಕಿ ಬೆರೆಸಿದರೆ ಒಂದಾಗುವುದಿಲ್ಲ. ಎಥನಾಲ್ ಕಳೆದುಕೊಂಡ ಮೇಲಿನ ಪೆಟ್ರೋಲಿನ ಆಕ್ಟೇನ್, ಅಂದರೆ ಎಂಜಿನ್‌ನಲ್ಲಿ ಬಡಿತವಿಲ್ಲದೆ ಉರಿಯುವ ಗುಣದ ಅಳತೆ, ಕೂಡ ಇಳಿದಿರುತ್ತದೆ. ಹೀಗೆ ಬೇರೆಯಾದದ್ದನ್ನು ಮೇಲಿಂದ ಬಸಿದು ಬಳಸುವ ಆಸೆಯನ್ನು ನಾನು ಇಟ್ಟುಕೊಳ್ಳುವುದಿಲ್ಲ. ಎರಡೂ ಪದರಗಳು ತ್ಯಾಜ್ಯವೇ.

ಕ್ಯಾನಿನ ಪೆಟ್ರೋಲನ್ನು ಅದೇ ರೀತಿ ನೋಡಿದೆ. ಮಾಲೀಕರಿಗೆ ಫೋನ್ ಮಾಡಿ ಕೇಳಿದಾಗ ತುಂಬಿಸಿ ಏಳೆಂಟು ತಿಂಗಳಾಗಿದೆ ಎಂದರು. ಮುಚ್ಚಳ ಬಿಗಿಯಾಗಿತ್ತು. ತಿಳಿ ಬಣ್ಣ, ಗೆರೆಯಿಲ್ಲ, ಕಸವಿಲ್ಲ, ವಾಸನೆ ಮಾತ್ರ ಸ್ವಲ್ಪ ಮಂಕು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟೆ, ಕೆಲವು ನಿಮಿಷಗಳಲ್ಲಿ ಆರಿ ಗುರುತಿಲ್ಲದಂತಾಯಿತು. ಡೀಸೆಲ್ ಅಥವಾ ಎಂಜಿನ್ ಆಯಿಲ್ ಬೆರೆತಿದ್ದರೆ ಅಲ್ಲಿ ಎಣ್ಣೆಯ ಉಂಗುರ ಉಳಿಯುತ್ತಿತ್ತು. ಇಂಥದ್ದನ್ನು ಎಸೆಯುವುದು ತಪ್ಪು. ಅರ್ಧ ಲೀಟರನ್ನು 10 ಲೀಟರ್ ತಾಜಾ ಪೆಟ್ರೋಲಿಗೆ ಬೆರೆಸುತ್ತ, ಕಾರ್ಬ್ಯುರೇಟರ್ ಇರುವ ನನ್ನ ಹಳೆಯ ಪಂಪ್ ಎಂಜಿನ್‌ನಲ್ಲಿ ಕೆಲವು ವಾರಗಳಲ್ಲಿ ಉರಿಸಿ ಮುಗಿಸಿದೆ. ಪೆಟ್ರೋಲನ್ನು ಸಣ್ಣ ನಳಿಕೆಯಿಂದ ಚಿಮ್ಮಿಸುವ ಇಂಜೆಕ್ಷನ್ ಇರುವ ಹೊಸ ವಾಹನಕ್ಕಾದರೆ ಇಷ್ಟನ್ನೂ ಹಾಕುತ್ತಿರಲಿಲ್ಲ.

ಟ್ಯಾಂಕಿನ 12 ಲೀಟರನ್ನು ಇಂಧನಕ್ಕೆಂದೇ ತಯಾರಿಸಿದ ಎರಡು ಪ್ಲಾಸ್ಟಿಕ್ ಕ್ಯಾನ್‌ಗಳಿಗೆ ತುಂಬಿಸಿದೆ. ನೀರಿನ ಬಾಟಲಿ, ಹಾಲಿನ ಕ್ಯಾನ್, ಬಕೆಟ್ ಇವು ಯಾವುವೂ ಆಗುವುದಿಲ್ಲ. ಅವು ಮೆತ್ತಗಾಗುತ್ತವೆ ಅಥವಾ ಸೋರುತ್ತವೆ, ಕುಡಿಯುವ ಪಾತ್ರೆಯೆಂದು ಯಾರಾದರೂ ಬಾಯಿಗಿಡುವ ಭಯವೂ ಇದೆ. ತುಂಬಿಸುವಾಗ ಕ್ಯಾನ್ ನೆಲದ ಮೇಲೆಯೇ ಇರಬೇಕು. ವಾಹನದ ಡಿಕ್ಕಿಯಲ್ಲೋ ಪ್ಲಾಸ್ಟಿಕ್ ಹಾಸಿನ ಮೇಲೋ ಇಟ್ಟು ತುಂಬಿಸಿದರೆ, ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಿರ ವಿದ್ಯುತ್ತು ಭೂಮಿಗೆ ಇಳಿಯದೆ ಕಿಡಿಯಾಗಬಹುದು. ನಿಧಾನವಾಗಿ ಸುರಿದೆ. ಕಾವಿಗೆ ಹಿಗ್ಗಲು ಜಾಗ ಬೇಕೆಂದು ಶೇ 5ರಷ್ಟು ಖಾಲಿ ಬಿಟ್ಟೆ. “ಕೆಟ್ಟ ಪೆಟ್ರೋಲ್, ನೀರು ಬೆರೆತಿದೆ” ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಶೆಡ್ಡಿನಲ್ಲಿ ಹಳೆಯ ಎಂಜಿನ್ ಆಯಿಲಿನ ಡಬ್ಬಿ ಇದ್ದರೂ ಅದಕ್ಕೆ ಸುರಿಯಲಿಲ್ಲ. ಹಳೆಯ ಆಯಿಲನ್ನು ಶುದ್ಧೀಕರಿಸಿ ಮತ್ತೆ ಬಳಸಲು ಬರುತ್ತದೆ, ಪೆಟ್ರೋಲ್ ಬೆರೆತರೆ ಅದನ್ನು ಒಯ್ಯುವವರು ಮುಟ್ಟುವುದಿಲ್ಲ.

ನಡುವೆ ಒಮ್ಮೆ ಪಂಪಿನ ಕೊಳವೆ ಜಾರಿ ಒಂದು ಲೋಟದಷ್ಟು ನೆಲಕ್ಕೆ ಚೆಲ್ಲಿತು. ಕೆಲಸ ನಿಲ್ಲಿಸಿ ಅದರ ಮೇಲೆ ಮರಳು ಸುರಿದು, ಹೀರಿಕೊಂಡ ಮೇಲೆ ಪ್ಲಾಸ್ಟಿಕ್ ಮೊರದಿಂದ ಗೋರಿ, ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ತುಂಬಿದೆ. ಒರೆಸಿದ ಬಟ್ಟೆಯೂ ಅದರೊಳಗೇ ಹೋಯಿತು. ಆ ಡಬ್ಬಿಯೂ ತ್ಯಾಜ್ಯದ ಜೊತೆಗೇ ಸೇರಿತು.

ಹತ್ತು ದಿನ ಹಿಡಿದದ್ದು ಇದನ್ನು ಒಪ್ಪಿಸುವ ಜಾಗಕ್ಕಾಗಿ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಗಳು ಎಲ್ಲ ದಿನವೂ ತೆರೆದಿರುವುದಿಲ್ಲ, ಎಲ್ಲ ಕೇಂದ್ರಗಳೂ ಇಂಧನವನ್ನು ತೆಗೆದುಕೊಳ್ಳುವುದಿಲ್ಲ. ಮೊದಲು ಫೋನ್ ಮಾಡಿದ ಕಡೆ ಪೇಂಟ್ ಮತ್ತು ಬ್ಯಾಟರಿ ಮಾತ್ರ ಎಂದರು. ಅಗ್ನಿಶಾಮಕ ಠಾಣೆಗೆ ಕೇಳಿದೆ, ಅವರಿಂದ ಸರಿಯಾದ ದಾರಿ ಸಿಕ್ಕಿತು. ದೊಡ್ಡ ಗ್ಯಾರೇಜ್‌ಗಳನ್ನು ಕೇಳುವುದೂ ಒಳ್ಳೆಯದು, ಅವರ ತ್ಯಾಜ್ಯವನ್ನು ಒಯ್ಯಲು ಪರವಾನಗಿ ಪಡೆದವರು ಬರುತ್ತಿರುತ್ತಾರೆ. ಒಮ್ಮೆಗೆ ಎಷ್ಟು ಲೀಟರ್ ತರಬಹುದು, ವಾಹನದಲ್ಲಿ ಎಷ್ಟು ಒಯ್ಯಬಹುದು, ಕ್ಯಾನ್ ಹಿಂದಿರುಗಿಸುತ್ತಾರೆಯೇ, ಇವನ್ನು ಹೋಗುವ ಮೊದಲೇ ಕೇಳಿಕೊಳ್ಳಬೇಕು. ನನಗೆ ಕ್ಯಾನ್ ಹಿಂದಿರುಗುವುದಿಲ್ಲ ಎಂದರು. ಅಲ್ಲಿಯವರೆಗೆ ಎರಡೂ ಕ್ಯಾನ್‌ಗಳು ಮನೆಯಿಂದ ದೂರ, ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ, ಬೀಗ ಹಾಕಿದ ಬಲೆಯ ಪಂಜರದೊಳಗಿದ್ದವು.

ಹೊರಟ ದಿನ ಕ್ಯಾನ್‌ಗಳನ್ನು ಗಾಡಿಯ ಹಿಂದೆ ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದೆ. ಕಿಟಕಿಗಳನ್ನು ಇಳಿಸಿ, ದಾರಿಯಲ್ಲಿ ಎಲ್ಲೂ ನಿಲ್ಲದೆ ಹೋದೆ. ಕೇಂದ್ರದಲ್ಲಿದ್ದವರು ಚೀಟಿ ಓದಿ, “ನೀರು ಬೆರೆತಿದೆ ಎಂದು ಬರೆದದ್ದು ಒಳ್ಳೆಯದಾಯಿತು” ಎಂದು ಬೇರೆ ಡ್ರಮ್ಮಿನ ಕಡೆಗೆ ಕೈ ತೋರಿಸಿದರು.

ಖಾಲಿಯಾದ ಟ್ಯಾಂಕಿನ ಮಾತು ಉಳಿಯಿತು. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಿಂದ 7.6ರವರೆಗೆ ಇದ್ದಾಗ ಅದು ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಅದಕ್ಕಿಂತ ದಟ್ಟವಾಗಿರುತ್ತದೆ. ಆಗತಾನೆ ಬರಿದಾದ ಟ್ಯಾಂಕಿಗೆ ಗಾಳಿ ನುಗ್ಗಿ ಆ ಪ್ರಮಾಣ ಸಿದ್ಧವಾಗಿರಬಹುದು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಹಿಡಿದು ಜೀವ ಕಳೆದುಕೊಂಡವರಿದ್ದಾರೆ. ಈ ಟ್ಯಾಂಕಿನ ಕೆಳಗೂ ತುಕ್ಕಿನಿಂದ ಒಂದು ಸಣ್ಣ ತೂತು ಬೀಳುವ ಹಂತದಲ್ಲಿತ್ತು. ಅದಕ್ಕೆ ಬೆಸುಗೆ ಹಾಕಿಸಲು ನಾನು ಒಪ್ಪಲಿಲ್ಲ. ಮುಚ್ಚಳ ತೆಗೆದು ಬಯಲಿನಲ್ಲಿ ಆರಲು ಬಿಟ್ಟೆ, ಮಾಲೀಕರಿಗೆ ಹೊಸ ಟ್ಯಾಂಕನ್ನೇ ತರಿಸಿಕೊಟ್ಟೆ. ಜನರೇಟರ್ ಒಯ್ಯಲು ಬಂದಾಗ ಅವರ ಕ್ಯಾನಿನ ಮೇಲೆ ಒಂದು ಬಿಳಿ ಪಟ್ಟಿ ಅಂಟಿಸಿ, ತುಂಬಿಸಿದ ದಿನಾಂಕವನ್ನು ಇಲ್ಲಿ ಬರೆಯಿರಿ ಎಂದು ಪೆನ್ನನ್ನೂ ಕೊಟ್ಟು ಕಳುಹಿಸಿದೆ.