ಹಿಸ್ಟೋನ್ ಆಂಟಿಬಾಡಿ: ಲೇಬಲ್ ನಂಬುವ ಮುಂಚೆ

ಹಿಸ್ಟೋನ್ ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್. ಅದರ ಒಂದು ಬಗೆಯಾದ ಎಚ್3ರ ಬಾಲದಲ್ಲಿ 9ನೇ ಜಾಗದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಇದೆ, 27ನೇ ಜಾಗದಲ್ಲಿ ಇನ್ನೊಂದು. ಎರಡೂ ಕಡೆ ಅಕ್ಕಪಕ್ಕದ ಸಾಲು ಒಂದೇ: ಅಲನಿನ್, ಆರ್ಜಿನಿನ್, ಲೈಸಿನ್, ಸೆರಿನ್. ನನಗೆ ಬೇಕಿದ್ದದ್ದು 27ನೇ ಲೈಸಿನ್‌ಗೆ ಮೂರು ಮೀಥೈಲ್ (ಒಂದು ಪುಟ್ಟ ರಾಸಾಯನಿಕ ಗುರುತು) ಅಂಟಿದ್ದರೆ ಮಾತ್ರ ಹಿಡಿಯುವ ಆಂಟಿಬಾಡಿ, ಅಂದರೆ ಗುರಿಯನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನ್. ಅದು 9ನೆಯದನ್ನೂ ಹಿಡಿದರೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್‌ಗೆ ವರ್ಗಾಯಿಸಿ, ಆಂಟಿಬಾಡಿಯಿಂದ ಪತ್ತೆ ಹಚ್ಚುವ ವಿಧಾನ) ನೋಡಿ ಗೊತ್ತಾಗುವುದಿಲ್ಲ. ಎರಡೂ ಗುರುತು ಇರುವುದು ಒಂದೇ ಪ್ರೋಟೀನ್ ಮೇಲೆ ಅಲ್ವಾ, ಬ್ಯಾಂಡ್ ಸರಿಯಾದ ಜಾಗದಲ್ಲೇ ಬರುತ್ತದೆ.

ಇದು ಸುಮ್ನೆ ಅನುಮಾನವಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 200ಕ್ಕೂ ಹೆಚ್ಚು ಹಿಸ್ಟೋನ್ ಆಂಟಿಬಾಡಿಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಫೇಲಾದವು. ಹಾಗಾಗಿ ಹೊಸ ಟ್ಯೂಬ್ ಬಂದ ತಕ್ಷಣ ನಾನು ಮಾಡುವುದು ಡಾಟ್ ಬ್ಲಾಟ್. ನೈಟ್ರೋಸೆಲ್ಯುಲೋಸ್ ಮೆಂಬ್ರೇನ್ ಮೇಲೆ ಪೆಪ್ಟೈಡ್‌ಗಳ (ಎಚ್3 ಬಾಲದ ಚಿಕ್ಕ ತುಣುಕುಗಳ) ಚುಕ್ಕೆ ಇಡುತ್ತೇನೆ: ಯಾವ ಗುರುತೂ ಇಲ್ಲದ್ದು, 9ರಲ್ಲಿ ಮೂರು ಮೀಥೈಲ್ ಇರುವುದು, 27ರಲ್ಲಿ ಎರಡು ಇರುವುದು, 27ರಲ್ಲಿ ಮೂರು ಇರುವುದು. ಪ್ರತಿಯೊಂದನ್ನೂ ಸಾಲಾಗಿ ತೆಳು ಮಾಡುತ್ತಾ ಹೋಗುತ್ತೇನೆ. ಕೊನೆಯ ಸಾಲು ಮಾತ್ರ ಹೊಳೆಯಬೇಕು. ಎರಡು ಮೀಥೈಲ್ ಇರುವುದು ದಟ್ಟ ಚುಕ್ಕೆಯಲ್ಲಿ ಅಲ್ಪಸ್ವಲ್ಪ ಕಂಡರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 9ನೆಯದು ಕಂಡರೆ ಆ ಆಂಟಿಬಾಡಿ ನನಗೆ ಬೇಡ.

ಆಮೇಲೆ ಜೀವಕೋಶದ ಸ್ಯಾಂಪಲ್. ಹಿಸ್ಟೋನ್ ತೆಗೆಯಲು ಆಸಿಡ್ ವಿಧಾನವೇ ನನಗೆ ಇಷ್ಟ. ಟ್ರೈಟಾನ್ ಎಂಬ ಡಿಟರ್ಜೆಂಟ್ ಇರುವ ಬಫರ್‌ನಲ್ಲಿ ಕೋಶ ಒಡೆದು, ನ್ಯೂಕ್ಲಿಯಸ್‌ಗಳನ್ನು ಕೆಳಗೆ ಕೂರಿಸಿ, 0.2 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತೇನೆ. ಹಿಸ್ಟೋನ್‌ಗಳು ಆಸಿಡ್‌ನಲ್ಲಿ ಕರಗುತ್ತವೆ. ಡಿಎನ್‌ಎ ಮತ್ತು ಬಹುಪಾಲು ಬೇರೆ ಪ್ರೋಟೀನ್‌ಗಳು ತಳದಲ್ಲಿ ಉಳಿಯುತ್ತವೆ. ಅಸಿಟೈಲ್ ಗುರುತನ್ನೂ ನೋಡುವುದಿದ್ದರೆ ಬಫರ್‌ಗೆ ಅದು ಅಳಿಯದಂತೆ ತಡೆಯುವ ಸೋಡಿಯಂ ಬ್ಯುಟೈರೇಟ್ ಹಾಕಲೇಬೇಕು. ಲೋಡಿಂಗ್ ಬಫರ್ ಸೇರಿಸಿದಾಗ ನೀಲಿ ಬಣ್ಣ ಹಳದಿಗೆ ತಿರುಗಿದರೆ ಆಸಿಡ್ ಇನ್ನೂ ಇದೆ ಅಂತ ಅರ್ಥ. ಮತ್ತೆ ನೀಲಿ ಆಗುವವರೆಗೆ ಆಸಿಡ್ ತಗ್ಗಿಸುವ ಟ್ರಿಸ್ ಅನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ. ಇಲ್ಲದಿದ್ದರೆ ಬ್ಯಾಂಡ್‌ಗಳು ಸೊಟ್ಟಗೆ ಓಡುತ್ತವೆ.

ಜೆಲ್ 15 ಪರ್ಸೆಂಟ್. ಎಚ್3ರ ನಿಜವಾದ ತೂಕ ಸುಮಾರು 15 ಕಿಲೋಡಾಲ್ಟನ್, ಆದರೆ ಜೆಲ್‌ನಲ್ಲಿ ಅದು 17ರ ಹತ್ತಿರ ನಿಲ್ಲುತ್ತದೆ. ಮೆಂಬ್ರೇನ್ 0.2 ಮೈಕ್ರಾನ್‌ನದೇ ಆಗಬೇಕು. 0.45 ಆದರೆ ಇಷ್ಟು ಚಿಕ್ಕ ಪ್ರೋಟೀನ್ ತೂರಿಕೊಂಡು ಆಚೆ ಹೋಗಿಬಿಡಬಹುದು. ಟ್ರಾನ್ಸ್‌ಫರ್ ಆದ ಮೇಲೆ ಪಾನ್ಸೋ ಬಣ್ಣ ಹಾಕಿ ನೋಡುವುದನ್ನು ಬಿಡಬೇಡಿ. ಹಿಸ್ಟೋನ್‌ಗಳು ಅಲ್ಲೇ ಗುಂಪಾಗಿ ಕಾಣುತ್ತವೆ.

ನಾನು ಪ್ರತಿ ಬ್ಲಾಟ್‌ನಲ್ಲೂ ಎರಡು ಹೆಚ್ಚುವರಿ ಲೇನ್ ಇಡುತ್ತೇನೆ. ಒಂದು, ಇ. ಕೊಲೈನಲ್ಲಿ ತಯಾರಿಸಿದ ಎಚ್3. ಅದರ ಮೇಲೆ ಮೀಥೈಲ್ ಗುರುತು ಇರುವುದಿಲ್ಲ. ಒಟ್ಟು ಎಚ್3 ಆಂಟಿಬಾಡಿಗೆ ಕಾಣಬೇಕು, 27ರ ಆಂಟಿಬಾಡಿಗೆ ಪೂರ್ತಿ ಖಾಲಿ ಇರಬೇಕು. ಇನ್ನೊಂದು, ಈ ಗುರುತು ಹಾಕುವ ಕಿಣ್ವ ಇಜಡ್‌ಎಚ್2 ಅನ್ನು ತಡೆಯುವ ಔಷಧಿ ಕೊಟ್ಟ ಕೋಶಗಳು. ಇದಕ್ಕೆ ತಾಳ್ಮೆ ಬೇಕು. ಹಳೆಯ ಗುರುತು ಹೆಚ್ಚಾಗಿ ಕೋಶ ವಿಭಜನೆ ಆದ ಹಾಗೆಲ್ಲ ತೆಳುವಾಗುತ್ತಾ ಹೋಗುತ್ತದೆ. ಹಾಗಾಗಿ ಔಷಧಿಯನ್ನು ಕೆಲವು ದಿನ ಕೊಡಬೇಕು, ಒಂದೆರಡು ಗಂಟೆ ಸಾಲದು.

ಒಟ್ಟು ಎಚ್3 ಅಳೆಯಲು ಸಿ-ತುದಿಯನ್ನು ಗುರುತಿಸುವ ಆಂಟಿಬಾಡಿ ಆರಿಸಿಕೊಂಡೆ. ಗುರುತುಗಳು ಬಹಳಷ್ಟು ಇರುವುದು ಎನ್-ತುದಿಯ ಬಾಲದಲ್ಲಿ, ಅವು ಅಡ್ಡ ಬರುವುದಿಲ್ಲ. ಆಸಿಡ್ ಸ್ಯಾಂಪಲ್‌ಗೆ ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನ್‌ಗೂ ಒಂದೇ ಪ್ರಮಾಣ ಬಿದ್ದಿದೆಯೇ ಎಂಬ ತಾಳೆ) ಆಗಿ ಕೋಶರಸದ ಪ್ರೋಟೀನ್ ಜಿಎಪಿಡಿಎಚ್ ನೋಡುವವರನ್ನು ಕಂಡಿದ್ದೇನೆ. ಕೋಶರಸದ ಜೊತೆಗೇ ಚೆಲ್ಲಿಹೋದ ಪ್ರೋಟೀನನ್ನು ಇಲ್ಲಿ ಹುಡುಕಿ ಏನು ಪ್ರಯೋಜನ?

ಬ್ಲಾಟ್‌ನಲ್ಲಿ ಪಾಸಾದದ್ದು ಚಿಪ್‌ನಲ್ಲೂ (ChIP, ಆಂಟಿಬಾಡಿಯಿಂದ ಹಿಸ್ಟೋನನ್ನು ಅದರ ಡಿಎನ್‌ಎ ಸಮೇತ ಹಿಡಿದೆಳೆಯುವ ಪ್ರಯೋಗ) ಕೆಲಸ ಮಾಡುತ್ತದೆ ಅಂತ ಹೇಳಲಾಗದು. ಅಲ್ಲಿ ಪ್ರೋಟೀನ್ ಮಡಚಿಕೊಂಡೇ ಇರುತ್ತದೆ, ಮೇಲಿಂದ ಎಲ್ಲವನ್ನೂ ಬೆಸೆದುಬಿಡುವ ಫಾರ್ಮಾಲ್ಡಿಹೈಡ್ ಬೇರೆ. ಅದಕ್ಕೆ ಪರೀಕ್ಷೆಯೇ ಬೇರೆ. ಪಾಲಿಕ್ಲೋನಲ್ (ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ) ಆದರೆ ಲಾಟ್ ಬದಲಾದಾಗಲೆಲ್ಲ ಡಾಟ್ ಬ್ಲಾಟ್ ಮತ್ತೆ ಮಾಡುತ್ತೇನೆ. ಈಗೀಗ ರಿಕಾಂಬಿನೆಂಟ್ ಮೊಲದ ಮಾನೋಕ್ಲೋನಲ್ (ಜೀನ್‌ನಿಂದ ತಯಾರಿಸಿದ, ಒಂದೇ ಬಗೆಯ ಆಂಟಿಬಾಡಿ) ಸಿಕ್ಕರೆ ಅದನ್ನೇ ತರಿಸುವುದು. ಜೊತೆಗೆ ಇಲಿಯಲ್ಲಿ ಮಾಡಿದ ಒಟ್ಟು ಎಚ್3 ಆಂಟಿಬಾಡಿ. ಮೊಲದ್ದಕ್ಕೊಂದು, ಇಲಿಯದಕ್ಕೊಂದು ಅಂಟುವ ಎರಡು ಬಣ್ಣದ ಸೆಕೆಂಡರಿ ಆಂಟಿಬಾಡಿ ಹಾಕಿದರೆ ಎರಡನ್ನೂ ಒಂದೇ ಲೇನ್‌ನಲ್ಲಿ ಓದಬಹುದು, ಮೆಂಬ್ರೇನ್ ತೊಳೆದು ಮತ್ತೆ ಹಾಕುವ ಕಷ್ಟ ಇಲ್ಲ.