ಎಡ ಯಾವ್ದು, ಬಲ ಯಾವ್ದು? ಪತ್ತೆ ಹಚ್ಚೋದು ಹೀಗೆ

ರಾಜಕೀಯದಲ್ಲಿ ಎಡ, ಬಲ ಅಂತಾರಲ್ಲ, ಮೊದ್ಲು ಈ ಹೆಸ್ರು ಎಲ್ಲಿಂದ ಬಂತು ಅಂತ ತಿಳ್ಕೊಳಿ. 1789ರಲ್ಲಿ ಫ್ರಾನ್ಸ್‌ನ ಅಸೆಂಬ್ಲಿಲಿ ರಾಜನಿಗೆ ವೀಟೋ (ಕಾನೂನು ತಡೆಯೋ ಅಧಿಕಾರ) ಕೊಡ್ಬೇಕಾ ಬೇಡ್ವಾ ಅಂತ ಜಗಳ ಆದಾಗ ರಾಜನ ಪರ ಇದ್ದೋರು ಅಧ್ಯಕ್ಷರ ಬಲಗಡೆ ಕೂತ್ರು, ಬದಲಾವಣೆ ಬೇಕು ಅಂದೋರು ಎಡಗಡೆ, ಅಷ್ಟೇ ಕಥೆ, ಕುರ್ಚಿ ಲೆಕ್ಕ.

ಈಗ ಯಾರಾದ್ರೂ ಮಾತಾಡ್ತಿದ್ರೆ ಪಕ್ಷದ ಬಾವುಟ ನೋಡ್ಬೇಡಿ, ಎರಡು ಪ್ರಶ್ನೆ ಹಾಕಿ. ಒಂದು, ದುಡ್ಡು-ಜಮೀನು ವಿಷ್ಯದಲ್ಲಿ ಸರ್ಕಾರ ಕೈ ಹಾಕಿ ಹಂಚ್ಬೇಕು ಅಂತಾರಾ (ಎಡ), ಇಲ್ಲ ಮಾರ್ಕೆಟ್‌ಗೆ ಬಿಡಿ ಅಂತಾರಾ (ಬಲ). ಎರಡು, ಧರ್ಮ, ಸಂಪ್ರದಾಯ, ರಾಷ್ಟ್ರ ಅಂದಾಗ ಇರೋದನ್ನ ಉಳಿಸ್ಕೊಳ್ಳೋಣ ಅಂತಾರಾ (ಬಲ), ಪ್ರಶ್ನೆ ಮಾಡೋಣ ಅಂತಾರಾ (ಎಡ).

ಎರಡಕ್ಕೂ ಉತ್ರ ಒಂದೇ ಕಡೆ ಬೀಳ್ಬೇಕು ಅಂತೇನಿಲ್ಲ, ಇಲ್ಲೇ ಎಲ್ರೂ ಎಡವೋದು. ಕಾಂಗ್ರೆಸ್ಸನ್ನೇ ತಗೊಳಿ, 1969ರಲ್ಲಿ ಇಂದಿರಾ 14 ಬ್ಯಾಂಕ್ ರಾಷ್ಟ್ರೀಕರಣ ಮಾಡಿದ್ರು, 1974ರಲ್ಲಿ ನಮ್ಮ ದೇವರಾಜ ಅರಸು 'ಉಳುವವನೇ ಹೊಲದೊಡೆಯ' ಅಂತ ಗೇಣಿದಾರರಿಗೆ ಭೂಮಿ ಕೊಡ್ಸೋ ಕಾನೂನು ತಂದ್ರು, ಎರಡೂ ಎಡಗಡೆ ಹೆಜ್ಜೆ. ಅದೇ ಪಕ್ಷದ ನರಸಿಂಹ ರಾವ್ 1991ರಲ್ಲಿ ಮಾರ್ಕೆಟ್ ಬಾಗಿಲು ತೆಗೆದ್ರು, ಅದು ಬಲಗಡೆ. ಬಿಜೆಪಿನ ಸಂಸ್ಕೃತಿ ವಿಷ್ಯದಲ್ಲಿ ಬಲಪಂಥ ಅಂತೀವಿ, ಆದ್ರೆ ಫ್ರೀ ರೇಷನ್ ಅವ್ರೂ ಕೊಡ್ತಾರೆ. ಕಮ್ಯುನಿಸ್ಟರದ್ದು ಮಾತ್ರ ಸ್ವಲ್ಪ ಸಲೀಸು, ಹೆಸ್ರಲ್ಲೇ ಎಡ ಅಂತ ಗೊತ್ತಾಗತ್ತೆ.

ಹಾಗಾಗಿ ಪಕ್ಷಕ್ಕೆ ಲೇಬಲ್ ಅಂಟಿಸೋ ಬದ್ಲು ಒಂದೊಂದು ನಿರ್ಧಾರಕ್ಕೆ ಅಂಟಿಸಿ ನೋಡಿ. ಇನ್ನು ಟೀವಿ ಡಿಬೇಟಲ್ಲಿ 'ಎಡಚರು' 'ಭಕ್ತರು' ಅಂತ ಕೂಗಾಡೋದು ಬರೀ ಬೈಗುಳ, ಅದನ್ನ ಲೆಕ್ಕಕ್ಕೆ ತಗೋಬೇಡಿ.