ಡೆಬಿಯನ್ ಪ್ಯಾಕೇಜೂ ಬೇಂದ್ರೆ ಅಜ್ಜನ ಪದ್ಯವೂ

ಕನ್ನಡ ಪದಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ಸಣ್ಣ ಪೈಥಾನ್ ಲೈಬ್ರರಿಯೊಂದನ್ನು ದಿನಾ ಬಳಸುತ್ತಿದ್ದೆ. ಡೆಬಿಯನ್ ಅನ್ನೋ ಮುಕ್ತ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದು ಇರಲಿಲ್ಲ. ಅಲ್ಲಿ ಯಾರು ಬೇಕಾದರೂ ಹಾಕಿಕೊಳ್ಳುವ ಹಾಗೆ ನಾನೇ ಪ್ಯಾಕೇಜ್ ಮಾಡೋಣ ಅಂತ ಕೂತೆ. ಎರಡು ಶನಿವಾರದ ಕೆಲಸ ಅಂದುಕೊಂಡಿದ್ದೆ, ಆರು ತಿಂಗಳು ಹಿಡಿಯಿತು.

ಮೊದಲು ‘ಇದನ್ನು ನಾನು ಮಾಡುತ್ತಿದ್ದೇನೆ’ ಅಂತ ಡೆಬಿಯನ್ನಿನ ಬಗ್ ಪಟ್ಟಿಯಲ್ಲಿ ಒಂದು ಬಗ್ ಹಾಕಬೇಕು. ಅದಕ್ಕೆ ಐಟಿಪಿ (ಇಂಟೆಂಟ್ ಟು ಪ್ಯಾಕೇಜ್) ಅನ್ನುತ್ತಾರೆ. ಇಬ್ಬರು ಒಂದೇ ಕೆಲಸಕ್ಕೆ ಕೈ ಹಾಕಬಾರದು, ಅಲ್ವಾ? ಆಮೇಲೆ ಕೋಡಿನ ಜೊತೆ ‘ಡೆಬಿಯನ್’ ಅನ್ನೋ ಫೋಲ್ಡರ್. ಅದರಲ್ಲಿ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಫೈಲುಗಳು. ಬಿಲ್ಡ್ ಹೇಗೆ ಮಾಡಬೇಕು ಅಂತ ಹೇಳುವ ರೂಲ್ಸ್‌ಗೆ ಹೆದರಿದ್ದೆ. ಡೆಬ್‌ಹೆಲ್ಪರ್ ಅನ್ನೋ ಸಾಧನದ ಪುಣ್ಯ, ನಾಲ್ಕು ಸಾಲಲ್ಲಿ ಮುಗಿಯಿತು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಗಿದ್ದು ಎಸ್‌ಬಿಲ್ಡ್‌ನಲ್ಲಿ (ಪ್ಯಾಕೇಜನ್ನು ಖಾಲಿ ವ್ಯವಸ್ಥೆಯೊಳಗೆ ಬಿಲ್ಡ್ ಮಾಡಿ ನೋಡುವ ಸಾಧನ) ಆಗಲಿಲ್ಲ. ಅಲ್ಲಿ ಕಂಟ್ರೋಲ್‌ನಲ್ಲಿ ಬರೆದಷ್ಟೇ ಸಾಮಾನು ಸಿಗುತ್ತದೆ, ಇಂಟರ್ನೆಟ್ಟಿನಿಂದ ಎಳೆದುಕೊಳ್ಳುವ ಹಾಗೂ ಇಲ್ಲ. ನಾನು ಟೆಸ್ಟ್ ಓಡಿಸುವ ಪೈಟೆಸ್ಟ್ ಹೆಸರು ಬರೆಯೋದನ್ನೇ ಮರೆತಿದ್ದೆ.

ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಕಾಪಿರೈಟ್‌ನಲ್ಲಿ. ನನಗೆ ಅಪ್‌ಲೋಡ್ ಹಕ್ಕಿಲ್ಲ, ಹಾಗಾಗಿ ಡೆಬಿಯನ್ ಡೆವಲಪರ್ ಒಬ್ಬರು ಸ್ಪಾನ್ಸರ್ ಆದರು. ಅವರ ಮೊದಲ ಪ್ರಶ್ನೆ: ‘ಟೆಸ್ಟ್ ಫೋಲ್ಡರಿನಲ್ಲಿರುವ ಪದ್ಯ ಯಾರದು?’

ತೆಗೆದು ನೋಡಿದರೆ ಬೇಂದ್ರೆಯವರದು! ನಮ್ಮ ಮನೆ ಅವರಿದ್ದ ಧಾರವಾಡದ ಸಾಧನಕೇರಿಯಿಂದ ಎರಡೇ ಓಣಿ ಆಚೆ. ಹೊರಗಿನವರು ಕೇಳುವವರೆಗೆ ಆ ಫೈಲನ್ನು ನಾನು ತೆರೆದೇ ಇರಲಿಲ್ಲ, ನಾಚಿಕೆಯಾಯಿತು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ನಮ್ಮ ಕಾನೂನಿನಲ್ಲಿ ಹಕ್ಕು ಅದರ ಮುಂದಿನ ವರ್ಷದಿಂದ 60 ವರ್ಷ, ಅಂದರೆ 2041ರ ಕೊನೆವರೆಗೆ. ಲೈಬ್ರರಿಯ ಮುಕ್ತ ಬಳಕೆಯ ಎಂಐಟಿ ಲೈಸೆನ್ಸ್ ಕೋಡಿಗೆ ಸರಿ, ಪದ್ಯಕ್ಕಲ್ಲ.

‘ಬೇಂದ್ರೆ ಅಜ್ಜಾರ ಪದ್ಯಕ್ಕೂ ಲೈಸೆನ್ಸ್ ಬೇಕೇನೋ?’ ಅಂತ ಅವ್ವ ನಕ್ಕಳು.

ಪ್ಯಾಚ್ ಹಾಕಿ ಅಳಿಸಿದರೆ ಸಾಲದು. ಮೂಲ ಟಾರ್‌ಬಾಲ್‌ನಲ್ಲಿ (ಇಡೀ ಕೋಡನ್ನು ಕಟ್ಟಿಟ್ಟ ಫೈಲು) ಅದು ಇದ್ದೇ ಇರುತ್ತದೆ, ಡೆಬಿಯನ್ ಅದನ್ನೂ ಹಂಚುತ್ತದೆ. ಕಾಪಿರೈಟ್ ಫೈಲಿನಲ್ಲಿ ‘ಫೈಲ್ಸ್-ಎಕ್ಸ್‌ಕ್ಲೂಡೆಡ್’ ಅಂತ ಬರೆದು, ಯುಸ್ಕ್ಯಾನ್ ಅನ್ನೋ ಸಾಧನದಿಂದ ಟಾರ್‌ಬಾಲನ್ನೇ ಮತ್ತೆ ಕಟ್ಟಿಸಿದೆ. ಆವೃತ್ತಿ ಸಂಖ್ಯೆಗೆ ‘+ಡಿಎಫ್‌ಎಸ್‌ಜಿ’ (ಡೆಬಿಯನ್ನಿನ ಮುಕ್ತ ಸಾಫ್ಟ್‌ವೇರ್ ನಿಯಮಕ್ಕೆ ಹೊಂದಿಸಿದ್ದು ಅಂತ ಅರ್ಥ) ಅನ್ನೋ ಬಾಲ ಬಂತು. ಹಾಗೇ ಅಪ್‌ಲೋಡ್ ಆಯಿತು.

ಹೊಸ ಪ್ಯಾಕೇಜು ‘ನ್ಯೂ’ ಸರದಿಯಲ್ಲಿ ಕಾಯಬೇಕು. ಲೈಸೆನ್ಸ್‌ಗಳನ್ನು ಅಲ್ಲಿ ಮನುಷ್ಯರೇ ನೋಡುತ್ತಾರೆ. ಕಾಯುವಾಗ ಸುಮ್ನೆ ಕೂರದೆ, ಟೆಸ್ಟಿಗೆ ಆ ಪದ್ಯದ ಬದಲು ಒತ್ತಕ್ಷರ ಜಾಸ್ತಿ ಇರುವ ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ ಲೈಬ್ರರಿ ಬರೆದವರಿಗೆ ಕಳಿಸಿದೆ. ಅವುಗಳ ಮೇಲೆ ಯಾರ ಹಕ್ಕೂ ಉಳಿದಿಲ್ಲ. ಅವರು ಒಪ್ಪಿಕೊಂಡರು. ಮುಂದಿನ ಆವೃತ್ತಿಯಲ್ಲಿ ಬಾಲ ಹೋಯಿತು. ಟೆಸ್ಟ್ ಮಾತ್ರ ಒಂದು ಬಿತ್ತು. ಲೈಬ್ರರಿಗೆ ಅರ್ಕಾವೊತ್ತು ಬಿಡಿಸಲು ಬರುತ್ತಿರಲಿಲ್ಲ.